ಅಮರಗೋಳದ ಕೆಂಪು ತೊಡೆ

ಕೂತಲ್ಲಿ ಕೂರುವ ಗುಣ ನನಗೆ ಹುಟ್ಟಿನಿಂದಲೇ ಇಲ್ಲ. ಆದರೂ ಬದುಕಿನ ಅರ್ಧ ಭಾಗವನ್ನು ಸೂಕ್ಷ್ಮದರ್ಶಕದ ಮುಂದೆ ಕೂತು, ಅಕ್ಕಿಕಾಳಿನಷ್ಟು ದೊಡ್ಡ ಕಣಜಗಳ ತೊಡೆಯ ಮೇಲಿನ ಹಲ್ಲುಗಳನ್ನು ಎಣಿಸುತ್ತ ಕಳೆದಿದ್ದೇನೆ. ಹತ್ತು ನಿಮಿಷಕ್ಕೊಮ್ಮೆ ಎದ್ದು ವರಾಂಡದ ತುದಿಯವರೆಗೆ ಹೋಗಿ ಬರುತ್ತೇನೆ. ವಿದ್ಯಾನಗರದ ನಮ್ಮ ಕಾಲೇಜಿನಲ್ಲಿ ಇದು ಎಲ್ಲರಿಗೂ ಗೊತ್ತಿರುವ ವಿಷಯ. ಬಾಯಾರು ಮತ್ತೆ ವಾಕಿಂಗ್ ಹೊರಟರು ಎಂದು ಸಿಪಾಯಿ ನನ್ನನ್ನು ನೋಡಿ ನಗುತ್ತಾನೆ. ಆದರೆ ಕಳೆದ ವರ್ಷ ಮಳೆಗಾಲಕ್ಕೆ ಮುಂಚಿನ ಎರಡು ತಿಂಗಳು ನಾನು ಹತ್ತು ನಿಮಿಷ ಕೂಡ ಕೂರಲಿಲ್ಲ. ಕಾರಣ, ಗೋಡೆಗೆ ಅಂಟಿಸಿದ್ದ ನಕ್ಷೆಯ ಮೇಲಿನ ಒಂದು ಚುಕ್ಕಿ.

ನನ್ನ ಕಣಜಗಳ ಕುಲದ ಹೆಸರು ಬ್ರಾಕಿಮೇರಿಯಾ. ಹೆಸರು ಕೇಳಿ ಯಾರೂ ಹೆದರಬೇಕಿಲ್ಲ, ಎಲ್ಲರ ಹಿತ್ತಲಲ್ಲೂ ಇವು ಓಡಾಡುತ್ತವೆ. ಕಪ್ಪು ಮೈ, ಗಿಡ್ಡ ದೇಹ, ಹಿಂಗಾಲಿನ ತೊಡೆ ಮಾತ್ರ ವಿಪರೀತ ದಪ್ಪ. ತೊಡೆಯ ಕೆಳಗೆ ಗರಗಸದಂತೆ ಸಣ್ಣ ಹಲ್ಲುಗಳು, ತುದಿಯಲ್ಲಿ ಹಳದಿ ಮಚ್ಚೆ. ಕಂಬಳಿಹುಳು ತಿನ್ನುವುದನ್ನು ಬಿಟ್ಟು ಕೋಶ ಕಟ್ಟಿಕೊಂಡು ಮಲಗುತ್ತದಲ್ಲ, ಆಗ ಹೆಣ್ಣು ಕಣಜ ಬಂದು ಅದರೊಳಗೆ ಒಂದು ಮೊಟ್ಟೆ ಇಡುತ್ತದೆ. ಮರಿ ಒಳಗಿನದನ್ನೆಲ್ಲ ತಿಂದು, ಪತಂಗ ಬರಬೇಕಾದ ಕಡೆಯಿಂದ ತಾನು ದುಂಡಗೆ ತೂತು ಕೊರೆದು ಹೊರಗೆ ಬರುತ್ತದೆ. ರೈತರಿಗೆ ಬೇಕಾದ ಹುಳ ಇದು, ಆದರೆ ರೈತರು ಇದನ್ನು ನೋಡಿಯೂ ನೋಡಿರುವುದಿಲ್ಲ. ನನಗೆ ಈ ವಿದ್ಯೆ ಕಲಿಸಿದವರು ಮಾತ್ರ ಇವುಗಳನ್ನು ಪೈಲ್ವಾನರು ಎಂದೇ ಕರೆಯುತ್ತಿದ್ದರು. ತೊಡೆ ತಟ್ಟಿ ನಿಂತವರ ಹಾಗೆ ಕಾಣುತ್ತವೆ ಎಂದು.

ಕಲಿಸಿದವರು ಧಾರವಾಡದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುತ್ತಿದ್ದರು. ಮಿಶನ್ ಸಾಲೆಯಲ್ಲಿ ಓದಿ ಬೆಳೆದವರು, ಮದುವೆಯಾಗದವರು, ಬಿಳಿ ಸೀರೆಗೆ ಸಣ್ಣ ಅಂಚು ಇದ್ದರೆ ಸಾಕು ಎನ್ನುವವರು. ಪಾಠ ಹೇಳುವ ಹೆಂಗಸರನ್ನು ನಮ್ಮ ಕಡೆ ಕರೆಯುವಂತೆ ನಾವೆಲ್ಲ ಅವರನ್ನು ಬಾಯಾರು ಎನ್ನುತ್ತಿದ್ದೆವು. ಈಗ ನನ್ನನ್ನೂ ಹುಡುಗರು ಹಾಗೇ ಕರೆಯುತ್ತಾರೆ, ಆದರೆ ಆ ಪದ ಕಿವಿಗೆ ಬಿದ್ದರೆ ನನಗೆ ಇವತ್ತಿಗೂ ನೆನಪಾಗುವುದು ಅವರೇ.

ಬಾಯಾರದ್ದು ಒಂದು ಪದ್ಧತಿ ಇತ್ತು. ಪ್ರತಿ ಶನಿವಾರ ನಾವು ಹಿಡಿದು ತಂದ ಹುಳಗಳನ್ನು ಸೂಜಿಗೆ ಚುಚ್ಚಿ ಅವರ ಮೇಜಿನ ಮೇಲೆ ಸಾಲಾಗಿ ಇಡಬೇಕು. ಅವರು ಒಂದೊಂದೇ ಸೂಜಿ ಎತ್ತಿ ಎರಡೇ ಪ್ರಶ್ನೆ ಕೇಳುತ್ತಿದ್ದರು.

"ಯಾವಾಗ ಹಿಡದಿ? ಬಾಟ್ಲಿಯಿಂದ ಯಾವಾಗ ತಗದಿ?"

ಎರಡನೆಯ ಪ್ರಶ್ನೆಗೆ ಕಾರಣವಿತ್ತು. ಆಗ ಹುಳ ಕೊಲ್ಲಲು ಸೈನೈಡ್ ಬಾಟಲಿ ಬಳಸುತ್ತಿದ್ದೆವು. ತಳದಲ್ಲಿ ಸೈನೈಡ್, ಅದರ ಮೇಲೆ ಗಟ್ಟಿಯಾದ ಪ್ಲಾಸ್ಟರ್, ಬಾಯಿಗೆ ಬೂಚು. ಹುಳ ಒಂದು ನಿಮಿಷದಲ್ಲಿ ಸಾಯುತ್ತದೆ. ಆದರೆ ತೆಗೆಯದೆ ಹಾಗೇ ದಿನಗಟ್ಟಲೆ ಬಿಟ್ಟರೆ ಕಣಜದ ಮೈಮೇಲಿನ ಹಳದಿ ನಿಧಾನವಾಗಿ ಕೆಂಪಾಗುತ್ತದೆ. ಬಣ್ಣ ನೋಡಿ ಪ್ರಭೇದ ಹೇಳುವ ನಮ್ಮಂಥವರಿಗೆ ಇದಕ್ಕಿಂತ ದೊಡ್ಡ ಮೋಸ ಇನ್ನೊಂದಿಲ್ಲ. ಬಾಯಾರು ಮೊದಲ ದಿನವೇ ಇದನ್ನು ಹೇಳಿದ್ದರು. ಸಂಜೆಯೊಳಗೆ ಬಾಟಲಿ ಖಾಲಿ ಮಾಡಬೇಕು, ಇಲ್ಲವಾದರೆ ಮರುದಿನದಿಂದ ಬಲೆ ಮುಟ್ಟುವಂತಿಲ್ಲ. ನನಗಿಂತ ಒಂದು ವರ್ಷ ಮುಂದಿದ್ದ ಒಬ್ಬಳನ್ನು ಅವರು ಇದೇ ತಪ್ಪಿಗೆ ಅಡವಿ ತಿರುಗಾಟದಿಂದ ಬಿಡಿಸಿ ಲೇಬಲ್ ಬರೆಯಲು ಕೂರಿಸಿದ್ದರು. ಇಡೀ ವರ್ಷ ಕೂರುವುದು ಎಂದರೆ ನನಗೆ ಜೈಲು.

ಇಪ್ಪತ್ತೇಳು ವರ್ಷದ ಹಿಂದಿನ ಶ್ರಾವಣ. ಅಮರಗೋಳದ ಮಾರ್ಕೆಟ್ ಯಾರ್ಡಿನ ಹಿಂದೆ ಆಗ ಉದ್ದಕ್ಕೆ ಜಾಲಿಯ ಬೇಲಿ, ಅದರ ಬುಡದಲ್ಲಿ ಹುಲ್ಲು. ಅಲ್ಲಿ ಮಧ್ಯಾಹ್ನ ಬಲೆ ಬೀಸಿದಾಗ ಮೂರು ಪೈಲ್ವಾನರು ಸಿಕ್ಕವು, ಮೂರೂ ಹೆಣ್ಣು. ಬಾಟಲಿಗೆ ಹಾಕಿದೆ, ಬಾಟಲಿಯನ್ನು ಜೋಳಿಗೆಗೆ ಹಾಕಿದೆ. ಮರುದಿನ ಪಂಚಮಿ. ಹುಬ್ಬಳ್ಳಿಯ ಮನೆಗೆ ಹೋದವಳು ಜೋಳಿಗೆಯನ್ನು ಗೂಟಕ್ಕೆ ನೇತುಹಾಕಿ ಮರೆತೇಬಿಟ್ಟೆ. ಅಕ್ಕಂದಿರು ಬಂದಿದ್ದರು, ಹಿತ್ತಲ ಬೇವಿನ ಮರಕ್ಕೆ ಜೋಕಾಲಿ ಕಟ್ಟಿತ್ತು, ಉಂಡಿ ಎಷ್ಟು ತಿಂದೆನೋ ಲೆಕ್ಕವಿಲ್ಲ. ನಾಲ್ಕನೇ ದಿನ ಧಾರವಾಡದ ಬಸ್ಸು ಹತ್ತುವ ಹೊತ್ತಿಗೆ ಜೋಳಿಗೆ ಹೆಗಲಿಗೆ ಹಾಕಿದೆ, ಒಳಗೆ ಬಾಟಲಿ ಟಣ್ ಎಂದಿತು.

ಹುಳಗಳನ್ನು ಒಂದು ರಾತ್ರಿ ಒದ್ದೆ ಮರಳಿನ ಡಬ್ಬಿಯಲ್ಲಿಟ್ಟು ಮೆತ್ತಗೆ ಮಾಡಿ, ಸೂಜಿಗೆ ಚುಚ್ಚಿ, ಶನಿವಾರ ಮೇಜಿನ ಮೇಲೆ ಇಟ್ಟೆ. ತೊಡೆಯ ಮಚ್ಚೆ ಕೆಂಪಗಿತ್ತು. ಹಿಡಿದಾಗ ಯಾವ ಬಣ್ಣವಿತ್ತು ಎಂದು ನಾನು ನೋಡಿಯೇ ಇರಲಿಲ್ಲ, ಅವಸರದಲ್ಲಿ ನೋಡುವವಳೇ ಅಲ್ಲ ನಾನು. ಬಾಯಾರು ಸೂಜಿ ಎತ್ತಿದರು.

"ಬಾಟ್ಲಿಯಿಂದ ಯಾವಾಗ ತಗದಿ?"

"ಅವತ್ತ ಸಂಜಿಕೆ ತಗದೇನ್ರಿ."

ಅಷ್ಟೇ. ಒಂದು ವರ್ಷ ಕುರ್ಚಿಯಲ್ಲಿ ಕೂರುವುದನ್ನು ತಪ್ಪಿಸಲು ಹೇಳಿದ ಒಂದು ಸಾಲಿನ ಸುಳ್ಳು. ಬಾಯಾರು ಆ ಹುಳಗಳನ್ನು ಬೇರೆ ಪೆಟ್ಟಿಗೆಗೆ ಹಾಕಿ ಮರೆತುಬಿಡುತ್ತಾರೆ ಎಂದುಕೊಂಡಿದ್ದೆ. ಅವರು ಮರೆಯಲಿಲ್ಲ. ಭೂತಗನ್ನಡಿ ಹಿಡಿದು ಕಿಟಕಿಯ ಬಳಿ ಹೋಗಿ ಬಹಳ ಹೊತ್ತು ನೋಡಿದರು. ಆಮೇಲೆ ಎರಡು ವರ್ಷ ಅಲ್ಲಿ ಇಲ್ಲಿ ಪತ್ರ ಬರೆದು, ಬೇರೆ ಊರುಗಳ ಸಂಗ್ರಹದಿಂದ ಮಾದರಿಗಳನ್ನು ತರಿಸಿ ಹೋಲಿಸಿದರು. ಕೆಂಪು ತೊಡೆಯ ಇಂಥ ಹುಳ ಎಲ್ಲೂ ಇಲ್ಲ ಎಂದಾದ ಮೇಲೆ ಹೊಸ ಪ್ರಭೇದ ಎಂದು ಪ್ರಬಂಧ ಬರೆಯಲು ಕೂತರು. ಕೂರುವ ಮೊದಲು ನನ್ನನ್ನು ಮತ್ತೊಮ್ಮೆ ಕರೆದು, ಈ ಸಲ ಕುರ್ಚಿ ತೋರಿಸಿ ಕೂರಿಸಿ ಕೇಳಿದರು.

"ನೆನಪ ಮಾಡಿಕೊಂಡ ಹೇಳು. ಬಾಟ್ಲ್ಯಾಗ ಎಷ್ಟೊತ್ತ ಇದ್ದವು?"

"ಒಂದ ತಾಸ ಇದ್ದವ್ರಿ, ಅಷ್ಟ."

ಪ್ರಬಂಧದಲ್ಲಿ ಅವರು ಅದನ್ನು ಬರೆದರು. ಕೆಂಪು ಬಣ್ಣ ಸಹಜವಾದದ್ದು, ಮಾದರಿಗಳು ಸೈನೈಡ್ ಬಾಟಲಿಯಲ್ಲಿ ಒಂದು ಗಂಟೆಗಿಂತ ಹೆಚ್ಚು ಇರಲಿಲ್ಲ ಎಂದು ಸಂಗ್ರಹಿಸಿದವರು ಖಚಿತಪಡಿಸಿದ್ದಾರೆ. ಇದು ಆ ಸಾಲಿನ ಅರ್ಥ. ಮತ್ತು ಕಣಜಕ್ಕೆ ನನ್ನ ಹೆಸರಿಟ್ಟರು. ನಮ್ಮಲ್ಲಿ ಯಾರೂ ತನ್ನ ಹೆಸರನ್ನು ತಾನೇ ಇಟ್ಟುಕೊಳ್ಳುವಂತಿಲ್ಲ, ಇನ್ನೊಬ್ಬರು ಇಟ್ಟರೆ ಅದು ದೊಡ್ಡ ಮರ್ಯಾದೆ. ಅಚ್ಚಾದ ಪ್ರತಿಯಲ್ಲಿ ನನ್ನ ಹೆಸರು ಲ್ಯಾಟಿನ್ನಿನ ಬಾಲ ಅಂಟಿಸಿಕೊಂಡು ಓರೆ ಅಕ್ಷರದಲ್ಲಿ ನಿಂತಿತ್ತು. ಅಪ್ಪ ಅದನ್ನು ಓಣಿಯವರಿಗೆಲ್ಲ ತೋರಿಸಿ ಬಂದರು. ಆಗ ಹೇಳಬಹುದಿತ್ತು. ಹೇಳಲಿಲ್ಲ. ಭಯವಿತ್ತು ಎಂದರೆ ಅರ್ಧ ಮಾತು. ಆ ಹೆಸರು ನನಗೆ ಬಹಳ ಸಿಹಿಯಾಗಿತ್ತು.

ಹೊಸ ಪ್ರಭೇದ ಎಂದಮೇಲೆ ಅದರ ಗಂಡು ಸಿಗಬೇಕು, ಅದು ಯಾವ ಪತಂಗದ ಕೋಶದಿಂದ ಬರುತ್ತದೆ ಎಂದು ತಿಳಿಯಬೇಕು. ಬಾಯಾರ ಉಳಿದ ಆಸೆ ಅದೊಂದೇ ಆಯಿತು. ನೌಕರಿಯಿಂದ ನಿವೃತ್ತರಾದ ಮೇಲೆ ಹನ್ನೊಂದು ಶ್ರಾವಣ, ವಾರಕ್ಕೆ ಎರಡು ಸಲ, ಹಳೆಯ ಧೋತ್ರದಲ್ಲಿ ತಾವೇ ಹೊಲಿದ ಬಲೆ ಹಿಡಿದು ಅಮರಗೋಳದ ಬೇಲಿಗೆ ಬಂದರು. ನಾನು ಆಗ ಹುಬ್ಬಳ್ಳಿಯಲ್ಲಿ ಕೆಲಸಕ್ಕೆ ಸೇರಿ ನವನಗರದಲ್ಲಿ ಮನೆ ಮಾಡಿದ್ದೆ. ಅವರು ಬರುತ್ತಾರೆ ಎಂದರೆ ರಜೆ ಹಾಕಿ ಜೊತೆಗೆ ಹೋಗುತ್ತಿದ್ದೆ. ಮೆಣಸಿನಕಾಯಿ ಚೀಲ ಇಳಿಸುವ ಹಮಾಲರು ನಮ್ಮನ್ನು ನೋಡಿ ಕೆಲಸ ನಿಲ್ಲಿಸುತ್ತಿದ್ದರು.

"ಬಾಯಾರ, ಏನ್ ಹಿಡಿಯಾಕತ್ತೀರಿ?"

"ಪೈಲ್ವಾನನ್ನ ಹುಡಕಾಕತ್ತೇವಿ. ಕೆಂಪ ತೊಡಿ ಇರಾಂವ. ಕಂಡ್ರ ಹೇಳ್ರಿ."

ಅವರು ಹೊಟ್ಟೆ ಹಿಡಿದು ನಗುತ್ತಿದ್ದರು, ಬಾಯಾರೂ ನಗುತ್ತಿದ್ದರು. ಹಳದಿ ತೊಡೆಯ ಸಾಮಾನ್ಯ ಪೈಲ್ವಾನರು ಬಲೆಗೆ ಬೇಕಾದಷ್ಟು ಬೀಳುತ್ತಿದ್ದವು. ಪ್ರತಿಯೊಂದನ್ನೂ ಅವರು ಕನ್ನಡಕ ಹಣೆಗೇರಿಸಿ, ಗಾಜಿನ ನಳಿಗೆಯಲ್ಲಿ ಹಿಡಿದು, ಬಿಸಿಲಿಗೆ ತಿರುಗಿಸಿ ನೋಡಿ ಬಿಟ್ಟುಬಿಡುತ್ತಿದ್ದರು. ಆ ನಳಿಗೆ ತಿರುಗುವಾಗ ನಾನು ನಿಂತಲ್ಲಿ ನಿಲ್ಲಲಾಗದೆ ಬೇಲಿಯ ಇನ್ನೊಂದು ತುದಿಗೆ ಹೋಗಿ ಸುಮ್ಮನೆ ಬಲೆ ಬೀಸುತ್ತಿದ್ದೆ. ಹನ್ನೆರಡನೇ ವರ್ಷ ಅವರು ಬರಲಿಲ್ಲ. ಮೊಣಕಾಲು ನೋವು ಎಂದು ಫೋನಿನಲ್ಲಿ ಹೇಳಿದರು. ತಮ್ಮ ಪೆಟ್ಟಿಗೆಗಳನ್ನೆಲ್ಲ ಬೀಗದ ಕೈ ಸಮೇತ ನನ್ನ ಕಾಲೇಜಿಗೆ ಕಳಿಸಿಬಿಟ್ಟರು. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಹಗುರವೆನಿಸಿತು.

ಹೋದ ವರ್ಷ ನಾನು ಕೈಗೆತ್ತಿಕೊಂಡದ್ದು ದಖ್ಖನ್ನಿನ ಇಡೀ ಕುಲದ ಪರಿಷ್ಕರಣೆ. ಯಾವ ಪ್ರಭೇದ ಯಾವುದು, ಎಲ್ಲೆಲ್ಲಿ ಇದೆ, ಹೇಗೆ ಗುರುತಿಸುವುದು ಎಂಬುದನ್ನೆಲ್ಲ ಒಂದೆಡೆ ತರುವ ಕೆಲಸ. ನಕ್ಷೆಯಲ್ಲಿ ಪ್ರತಿ ಪ್ರಭೇದಕ್ಕೂ ಒಂದೊಂದು ಬಣ್ಣದ ಚುಕ್ಕಿಗಳು. ಕೆಲವು ಕರಾವಳಿಯಿಂದ ವಿದರ್ಭದವರೆಗೆ ಚೆಲ್ಲಿದ್ದವು, ಕೆಲವು ಘಟ್ಟದ ಅಂಚು ಬಿಟ್ಟು ಕದಲುವುದಿಲ್ಲ. ನನ್ನ ಹೆಸರಿನ ಕಣಜಕ್ಕೆ ಮಾತ್ರ ಒಂದೇ ಕೆಂಪು ಚುಕ್ಕಿ, ಅಮರಗೋಳದಲ್ಲಿ. ರೆಕ್ಕೆ ಇರುವ ಜೀವಿ ಒಂದು ಬೇಲಿ ಬಿಟ್ಟು ಎಲ್ಲಿಗೂ ಹೋಗದೆ ಇರುತ್ತದೆಯೇ?

ಗುರುತಿಸುವ ಕೀಲಿ, ಅಂದರೆ ಒಂದರಿಂದ ಇನ್ನೊಂದನ್ನು ಬೇರೆ ಮಾಡುವ ಲಕ್ಷಣಗಳ ಪಟ್ಟಿ, ಬರೆಯುವಾಗ ಸಿಕ್ಕಿಬಿದ್ದೆ. ತೊಡೆಯ ಮಚ್ಚೆ ಹಳದಿಯಾದರೆ ಇದು, ಕೆಂಪಾದರೆ ಅದು. ಇವೆರಡನ್ನು ಬೇರೆ ಮಾಡಲು ಬೇರೆ ಒಂದು ಲಕ್ಷಣವನ್ನೂ ಬರೆಯಲಾಗಲಿಲ್ಲ. ಹಲ್ಲು ಅಷ್ಟೇ, ಮೀಸೆ ಅಷ್ಟೇ, ಬೆನ್ನಿನ ಮೇಲಿನ ಗುಳಿಗಳೂ ಅವೇ. ಸುಮ್ಮನಿರಬಹುದಿತ್ತು. ಆಮೇಲೆ ಕಂಡುಬಂದಿಲ್ಲ ಎಂದು ಬರೆದರೆ ಜಗತ್ತಿನಲ್ಲಿ ಒಬ್ಬರೂ ಕೇಳುತ್ತಿರಲಿಲ್ಲ, ಯಾರ್ಡಿನ ಹಿಂದೆ ಗೋದಾಮು ಎದ್ದು ಬೇಲಿ ಹೋಗಿ ವರ್ಷಗಳಾಗಿವೆ. ಎರಡು ತಿಂಗಳು ಹಾಗೇ ಬರೆದೆ, ಅಳಿಸಿದೆ, ಬರೆದೆ. ಮನೆಯಲ್ಲಿ ಅನ್ನ ಬಡಿಸುವಾಗಲೂ ಎದ್ದು ಹೋಗುತ್ತಿದ್ದೆ. ಯಜಮಾನರು ಒಂದು ದಿನ ತಟ್ಟೆ ಸರಿಸಿ ಕೇಳಿದರು.

"ಏನಾಗೇತಿ ನಿನಗ? ಕಣಜ ಹೊಕ್ಕೈತೇನ ಒಳಗ?"

ತಮಾಷೆಗೆ ಕೇಳಿದ್ದು. ನನಗೆ ತಮಾಷೆ ಎನಿಸಲಿಲ್ಲ.

ಕೊನೆಗೆ ಇಷ್ಟು ವರ್ಷ ಮಾಡದೆ ಬಿಟ್ಟ ಕೆಲಸ ಮಾಡಿದೆ. ಹಿತ್ತಲಲ್ಲಿ ನಾಲ್ಕು ಹಳದಿ ಪೈಲ್ವಾನರನ್ನು ಹಿಡಿದು ಕಾಲೇಜಿಗೆ ಒಯ್ದೆ. ನಾವು ಈಗ ಸೈನೈಡ್ ಬಳಸುವುದಿಲ್ಲ, ಬೀಗದ ಕಪಾಟಿನಲ್ಲಿ ಹಳೆಯ ಬಾಟಲಿ ಒಂದು ಉಳಿದಿತ್ತು. ಅದರಲ್ಲಿ ಹಾಕಿ ನಾಲ್ಕು ದಿನ ಬಿಟ್ಟೆ. ತೆಗೆದಾಗ ನಾಲ್ಕರ ತೊಡೆಯೂ ಕೆಂಪು. ಬಾಯಾರ ಪೆಟ್ಟಿಗೆಯ ಮೂರು ಹುಳಗಳ ಪಕ್ಕ ಇಟ್ಟರೆ ಯಾವುದು ಯಾವುದೆಂದು ನನಗೇ ಗೊತ್ತಾಗಲಿಲ್ಲ, ಸೂಜಿಯ ತುಕ್ಕು ನೋಡಿ ಹೇಳಬೇಕಾಯಿತು.

ಭಾನುವಾರ ಬೆಳಗ್ಗೆ ಪೆಟ್ಟಿಗೆ ಎದೆಗವಚಿಕೊಂಡು ನವನಗರದಲ್ಲಿ ಧಾರವಾಡದ ಚಿಗರಿ ಬಸ್ಸು ಹತ್ತಿದೆ. ಸೀಟು ಖಾಲಿ ಇದ್ದರೂ ಅರ್ಧ ದಾರಿ ನಿಂತೇ ಹೋದೆ. ಬಾಯಾರು ಈಗ ತಮ್ಮನ ಮನೆಯ ಮೇಲಿನ ಕೋಣೆಯಲ್ಲಿರುತ್ತಾರೆ. ಆಗತಾನೆ ಚರ್ಚಿನಿಂದ ಬಂದು ಚಹಾ ಕುಡಿಯುತ್ತಿದ್ದರು. ಎಂಬತ್ತು ದಾಟಿದೆ, ಬೆನ್ನು ಬಾಗಿಲ್ಲ. ನನ್ನ ಕೈಯಲ್ಲಿ ಪೆಟ್ಟಿಗೆ ಕಂಡದ್ದೇ ಕಪ್ಪು ಕೆಳಗಿಟ್ಟರು.

"ಬಾ, ಕುಂದರ. ನಮ್ಮ ಪೈಲ್ವಾನಗ ಗಂಡ ಸಿಕ್ತೇನು?"

ಅಷ್ಟು ಖುಷಿಯ ಧ್ವನಿ ಅವರದು. ನಾನು ಪೆಟ್ಟಿಗೆ ತೆರೆದು ಮುಂದಿಟ್ಟೆ. ಹಳೆಯ ಮೂರು, ಹೊಸ ನಾಲ್ಕು. ಹೊಸವನ್ನು ಹಿತ್ತಲಲ್ಲಿ ಹಿಡಿದಾಗ ಹಳದಿ ಇದ್ದವು ಎಂದು ಹೇಳಿದೆ. ಅವರು ಭೂತಗನ್ನಡಿ ತೆಗೆದುಕೊಂಡು ಒಂದೊಂದನ್ನೂ ನೋಡಿದರು.

"ಬಾಟ್ಲ್ಯಾಗ ಎಷ್ಟ ದಿನ ಇಟ್ಟಿದ್ದಿ ಇವನ್ನ?"

"ನಾಕ ದಿನ ರೀ."

ಕನ್ನಡಿ ಕೆಳಗಿಟ್ಟು ಕಣ್ಣು ಮುಚ್ಚಿ ಕೂತರು. ಅವರಿಗೆ ಹೆಚ್ಚು ವಿವರಿಸುವ ಅಗತ್ಯ ಎಂದೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ತಲೆಯಾಡಿಸಿದರು.

"ಅವತ್ತಿನ ಬಾಟ್ಲಿ ನಾನ ತುಂಬಿದ್ದೆ. ಸೈನೈಡ್ ಜಾಸ್ತಿ ಬಿದ್ದಿರಬೇಕು, ಒಂದ ತಾಸಿನ್ಯಾಗ ಕೆಂಪ ಮಾಡೇತಿ. ನಂದ ತಪ್ಪು. ಹಂಗ ಬರಿ, ನನಗೇನ ಬ್ಯಾಸರಿಲ್ಲ."

ದಾರಿ ತೆರೆದೇ ಇತ್ತು. ಹೌದ್ರಿ ಎಂದು ಒಂದು ಮಾತು ಹೇಳಿದ್ದರೆ ಚಹಾ ಕುಡಿದು ಮಧ್ಯಾಹ್ನದ ಬಸ್ಸಿಗೆ ಮನೆ ಸೇರುತ್ತಿದ್ದೆ. ಎದ್ದು ಕಿಟಕಿಯವರೆಗೆ ಹೋದೆ. ಕೆಳಗೆ ಯಾರದೋ ಸ್ಕೂಟರ್ ಸ್ಟಾರ್ಟ್ ಆಗದೆ ಕೆಮ್ಮುತ್ತಿತ್ತು. ತಿರುಗಿ ಬಂದು, ಆ ಮನೆಗೆ ಹೋಗುವ ಇಷ್ಟು ವರ್ಷಗಳಲ್ಲಿ ಮೊದಲ ಸಲ, ಅವರು ಹೇಳಿದ ಕುರ್ಚಿಯಲ್ಲಿ ಸರಿಯಾಗಿ ಕೂತೆ.

"ಬಾಯಾರ, ನಾ ಅವತ್ತ ತಗದಿದ್ದಿಲ್ರಿ. ಪಂಚಮಿಗೆ ಮನಿಗೆ ಹೋಗಿದ್ದೆ. ಅವೂ ನಾಕ ದಿನ ಬಾಟ್ಲ್ಯಾಗ ಇದ್ದವು."

"ನಾ ನಿನ್ನ ಕೇಳಿದ್ದೆ."

"ಹೌದ್ರಿ."

"ಎರಡ ಸಲ ಕೇಳಿದ್ದೆ."

"ಹೌದ್ರಿ."

ಅವರ ಮುಖ ಕೆಂಪಾಯಿತು. ನನ್ನನ್ನು ಬೈಯಲಿ ಎಂದು ನಾನು ಕಾಯುತ್ತಿದ್ದೆ, ಬೈದಿದ್ದರೆ ಬದುಕುತ್ತಿದ್ದೆ. ಅವರು ಪೆಟ್ಟಿಗೆಯ ಮುಚ್ಚಳ ಹಾಕಿ, ಕೊಕ್ಕೆ ಸಿಗಿಸಿ, ನನ್ನ ಕಡೆ ಸರಿಸಿದರು.

"ಬರಿ. ಬಣ್ಣ ಬದಲಾಗಿರಬಹುದು ಅಂತ ಜಾರಿಕೊಂಡ ಬರೀಬ್ಯಾಡ. ಸಂಗ್ರಹ ಮಾಡಿದಾಕಿ ಸುಳ್ಳ ಹೇಳಿದ್ಲು ಅಂತ ಬರಿ. ನಾ ಬರದ ಸಾಲ ಓದಿದವ್ರು ನಿನ್ನ ನೋಡಿಲ್ಲ, ನನ್ನ ನಂಬ್ಯಾರ."

"ಬರೀತೇನ್ರಿ."

"ಮತ್ತ ಒಂದ ಹೇಳು. ಹನ್ನೊಂದ ಶ್ರಾವಣ ನನ್ನ ಕೂಡ ಬಂದಿ. ಆ ಹುಳಾನ ಇಲ್ಲ ಅನ್ನೂದು ನಿನಗ ಗೊತ್ತಿತ್ತು. ಬಲಿ ಹಿಡಕೊಂಡ ಏನ್ ಹುಡಕ್ತಿದ್ದಿ ನೀ?"

ಆ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಂಡಿರಲಿಲ್ಲ. ಆದರೆ ಉತ್ತರ ಬಾಯಿಗೆ ತಾನಾಗಿ ಬಂತು.

"ಒಂದರ ಖರೇ ಸಿಗ್ಲಿ ಅಂತ ಹುಡಕ್ತಿದ್ದೆ ರೀ. ಸಿಕ್ಕಿದ್ರ ನಾ ಹೇಳಿದ್ದು ಸುಳ್ಳ ಆಗ್ತಿರ್ಲಿಲ್ಲ."

ಬಾಯಾರು ಕಪ್ಪನ್ನು ದೂರ ಸರಿಸಿದರು. ಚಹಾ ಆರಿ ಮೇಲೆ ಕೆನೆ ಕಟ್ಟಿತ್ತು. ಆಮೇಲೆ ಅವರು ಆಡಿದ ಮಾತು ನನ್ನನ್ನು ನೋಡಿ ಆಡಿದ್ದಲ್ಲ, ತಮ್ಮ ಎರಡೂ ಕೈಗಳನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡು ನೋಡುತ್ತ ಆಡಿದ್ದು.

"ಮೊಣಕಾಲ ಬ್ಯಾನಿ ಅಂತ ಹೇಳಿದ್ದೆ ನಿನಗ. ಮೊಣಕಾಲಿಗೆ ಏನೂ ಆಗಿದ್ದಿಲ್ಲ. ಹುಳ ಕಣ್ಮುಂದ ಹಾರಿ ಹೊಂಟಾವ, ನನಗ ಕೆಂಪ ಕಾಣವಲ್ದು, ಕಣ್ಣ ಹೋದವು ಅಂತ ತಿಳದೆ. ಇನ್ನ ಈ ಕೆಲಸಕ್ಕ ನಾ ಲಾಯಕ ಅಲ್ಲ ಅಂತ ಬಲಿ ಕೆಳಗ ಇಟ್ಟೆ."